ಮೀನಿಗೆ ಮೇಣದಬತ್ತಿ ಯಾಕೆ?

ಮುಂಬೈಯಲ್ಲಿರುವ ಕನ್ನಡಿಗರ ಬಗ್ಗೆ ಊರಿನವರಿಗೆ ಕೆಲವು ಕಲ್ಪನೆಗಳಿವೆ. ಶನಿವಾರ ಸಂಜೆಯಾದರೆ ಸಾಕು, ನಾವೆಲ್ಲ ಜೋಡಿಯಾಗಿ ಕಡಲ ದಂಡೆಯ ಹೋಟೆಲಿಗೆ ಹೋಗಿ, ಮೇಣದಬತ್ತಿಯ ಬೆಳಕಲ್ಲಿ ಏಡಿ ತಿಂತೇವೆ ಅನ್ನೋದು ಅದರಲ್ಲೊಂದು. ಮದುವೆ ನಿಶ್ಚಯವಾದ ಹುಡುಗ ಹುಡುಗಿಯರಿಗಂತೂ ಅದೇ ಕನಸು. ಈಗ ಮಂಗಳೂರು, ಉಡುಪಿ ಕಡೆಯೂ ಅದೇ ಬೇಕಂತೆ! ನನ್ನ ತಕರಾರು ಪ್ರೀತಿಯ ಮೇಲಲ್ಲ, ಮೀನಿನ ಮೇಲಂತೂ ಅಲ್ಲವೇ ಅಲ್ಲ. ಇವೆರಡನ್ನೂ ‘ಸೀ ವ್ಯೂ’ ಹೆಸರಲ್ಲಿ ಕಟ್ಟಿ ಮಾರುವ ವ್ಯಾಪಾರದ ಮೇಲೆ.

ಮೊದಲು ಒಂದು ಸತ್ಯ ಕೇಳಿ. ಈ ನಗರದಲ್ಲಿ ನಮ್ಮ ಕರಾವಳಿಯವರು ಹೆಸರು ಮಾಡಿದ ಮೀನಿನ ಹೋಟೆಲುಗಳಿಂದ ಸಮುದ್ರ ಕಾಣಿಸುವುದೇ ಇಲ್ಲ. 1973ರಲ್ಲಿ ಶುರುವಾದ ಮಹೇಶ್ ಲಂಚ್ ಹೋಮ್ ಇರೋದು ಫೋರ್ಟ್‌ನ ಓಣಿಯಲ್ಲಿ. ತೃಷ್ಣಾ ಕಾಲಾಘೋಡಾದ ಸಂದಿಯಲ್ಲಿ, ಅಪೂರ್ವ ಹಾರ್ನಿಮನ್ ಸರ್ಕಲ್ಲಿನ ಪಕ್ಕದ ಗಲ್ಲಿಯಲ್ಲಿ. ಯಾಕೆ ಗೊತ್ತಾ? ಹಸಿದವರು ಇದ್ದದ್ದು ಅಲ್ಲಿ. ಆಫೀಸಿನ ಗುಮಾಸ್ತರು, ಬ್ಯಾಂಕಿನವರು, ಊರು ಬಿಟ್ಟು ಬಂದ ಒಂಟಿ ಗಂಡಸರು. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ ರಾತ್ರಿ ಶಾಲೆಯಲ್ಲಿ ಓದಿದ ನಮ್ಮ ಹುಡುಗರ ಹಸಿವು ಅದೇ ಓಣಿಗಳದ್ದು. ‘ಲಂಚ್ ಹೋಮ್’ ಎಂಬ ಹೆಸರನ್ನೇ ನೋಡಿ. ಅದರಲ್ಲಿ ಮಧ್ಯಾಹ್ನದ ಊಟವಿದೆ, ಮನೆ ಇದೆ. ಕಡಲು ಎಲ್ಲಿದೆ ಸ್ವಾಮಿ?

ಎರಡನೆಯದು ಬೆಳಕಿನ ವಿಷಯ. ಮೀನು ಬೆಳಕಲ್ಲಿ ತಿನ್ನುವ ಪದಾರ್ಥ. ಬಂಗುಡೆಯ ಮುಳ್ಳು ಬಿಡಿಸಲು, ಬೂತಾಯಿಯ ನಡುಮುಳ್ಳು ಒಂದೇ ಎಳೆತಕ್ಕೆ ಎತ್ತಲು ಕಣ್ಣು ಬೇಕು, ಕೈ ಬೇಕು. ಮಂದ ಬೆಳಕಲ್ಲಿ ಮುಳ್ಳುಚಮಚ ಹಿಡಿದು ಕೂತವರಿಗೆ ಇವೆಲ್ಲ ಆಗಲ್ಲ. ಅದಕ್ಕೇ ಅಲ್ಲಿ ಗಸಿ, ಪುಳಿಮುಂಚಿ ಮೂಲೆ ಸೇರಿ, ಮುಳ್ಳಿಲ್ಲದ ತುಂಡು, ಬೆಣ್ಣೆ-ಬೆಳ್ಳುಳ್ಳಿ ಮುಂದೆ ಬರುತ್ತವೆ. ಏಡಿಯ ಕಾಲು ಚೀಪುವಾಗ ಯಾರೂ ಚಂದ ಕಾಣೋದಿಲ್ಲ. ಮೊಣಕೈವರೆಗೆ ಮಸಾಲೆ ಇಳಿಯುತ್ತೆ, ಮೂಗು ಸೋರುತ್ತೆ. ಹಾಗೆ ಕಾಣಿಸಿಕೊಳ್ಳಲು ಯಾರ ಮುಂದೆ ನಾಚಿಕೆಯಾಗುವುದಿಲ್ಲವೋ ಅವರ ಜೊತೆ ಸಂಸಾರ ಮಾಡಬಹುದು. ಪ್ರೀತಿಯ ಪರೀಕ್ಷೆ ಬೇಕಿದ್ದರೆ ಟ್ಯೂಬ್‌ಲೈಟಿನ ಕೆಳಗೇ ಆಗಲಿ.

ಮೂರನೆಯದು ದುಡ್ಡು. ಇಲ್ಲಿನ ಮೆನುವಿನಲ್ಲಿ ಏಡಿ, ಪಾಂಫ್ರೆಟ್, ಲಾಬ್‌ಸ್ಟರ್ ಎದುರು ಎಷ್ಟೋ ಕಡೆ ಬೆಲೆಯೇ ಇರೋದಿಲ್ಲ. ‘ಎಪಿಎಸ್’ ಎಂಬ ಮೂರು ಅಕ್ಷರ ಇರುತ್ತೆ, ಆ್ಯಸ್ ಪರ್ ಸೈಜ್. ಗಾತ್ರ ನೋಡಿ ರೇಟು. ಮೀನು ಮಾರುಕಟ್ಟೆಯಲ್ಲಾದರೆ ಇದು ನ್ಯಾಯವೇ. ಅಲ್ಲಿ ಕಿವಿರು ಎತ್ತಿ ನೋಡ್ತೀರಿ, ಚೌಕಾಸಿ ಮಾಡ್ತೀರಿ, ಬೇಡ ಅಂತ ಎದ್ದು ಹೋಗ್ತೀರಿ. ಆದರೆ ಮೊದಲ ಸಲ ಹುಡುಗಿಯನ್ನು ಕರೆತಂದ ಹುಡುಗ ‘ಇದಕ್ಕೆ ಎಷ್ಟಾಗುತ್ತೆ?’ ಅಂತ ಬಾಯಿಬಿಟ್ಟು ಕೇಳ್ತಾನಾ? ಕೇಳಲ್ಲ. ಆ ಸಂಕೋಚವೇ ಅವರ ಬಂಡವಾಳ.

ಇನ್ನು ಮಳೆಗಾಲ. ಮುಂಬೈಯಲ್ಲಿ ಪ್ರೇಮಿಗಳಿಗೆ ಕಡಲು ನೆನಪಾಗೋದೇ ಮಳೆಗೆ. ಅದೇ ಹೊತ್ತಿಗೆ, ಜೂನ್ 1ರಿಂದ ಜುಲೈ 31ರವರೆಗೆ 61 ದಿನ, ಮಹಾರಾಷ್ಟ್ರದಲ್ಲೂ ನಮ್ಮ ಕರಾವಳಿಯಲ್ಲೂ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಅದು ಮೀನು ಮರಿ ಮಾಡುವ ಕಾಲ. ಆಗ ಕಿಟಕಿಯಾಚೆ ಅಲೆ ತೋರಿಸಿ ಒಳಗೆ ಬಡಿಸೋದು ಹೆಚ್ಚಿನಂಶ ಶೈತ್ಯಾಗಾರದ್ದು, ಕೊಳದಲ್ಲಿ ಸಾಕಿದ್ದು, ದೂರದಿಂದ ಐಸಿನಲ್ಲಿ ಬಂದದ್ದು. ತಟ್ಟೆಗೆ ಸರಿಹೊಂದುವ ಪುಟ್ಟ ಪಾಂಫ್ರೆಟ್ ಚಂದ ಕಾಣುತ್ತೆ ನಿಜ. ಆದರೆ ಎಷ್ಟೋ ಸಲ ಅದು ಇನ್ನೂ ಮೊಟ್ಟೆಯಿಡದ ಮರಿ. ಮಹಾರಾಷ್ಟ್ರ ಸರಕಾರ 2023ರಲ್ಲಿ ಬೆಳ್ಳಿ ಪಾಂಫ್ರೆಟ್ಟನ್ನು ರಾಜ್ಯದ ಮೀನು ಎಂದು ಘೋಷಿಸಿತು. ಅದೇ ವರ್ಷ 54 ಜಾತಿಯ ಮೀನುಗಳಿಗೆ ಹಿಡಿಯಬಹುದಾದ ಕನಿಷ್ಠ ಗಾತ್ರವನ್ನೂ ಗೊತ್ತುಮಾಡಿತು. ಮರಿಯನ್ನೇ ತಿಂದು ಮುಗಿಸಿದರೆ ನಮ್ಮ ಮಕ್ಕಳು ಯಾವ ಮೀನಿನ ಮುಂದೆ ಕೂತು ಪ್ರೇಮಿಸಬೇಕು?

ನೀವು ಕೇಳಬಹುದು, ಒಂದು ಕೋಣೆಯ ಮನೆಯಲ್ಲಿ ಆರು ಜನ ಮಲಗುವ ಊರಲ್ಲಿ ಗಂಡ ಹೆಂಡತಿ ಎರಡು ಮಾತಾಡೋದಕ್ಕಾದರೂ ಜಾಗ ಬೇಡವೇ ಅಂತ. ಬೇಕು, ಒಪ್ಪಿದೆ. ಮರೀನ್ ಡ್ರೈವಿನ ಕಟ್ಟೆ, ಬಾಂದ್ರಾದ ಬ್ಯಾಂಡ್‌ಸ್ಟ್ಯಾಂಡ್, ವರ್ಲಿ ಸೀ ಫೇಸ್ ಇರುವುದು ಅದಕ್ಕೇ. ನಗರಕ್ಕೆ ಬೆನ್ನು ಹಾಕಿ ಸಾಲಾಗಿ ಕೂತ ಜೋಡಿಗಳನ್ನು ನೋಡಿ. ಕೈಯಲ್ಲಿ ಸುಟ್ಟ ಜೋಳ, ಶೇಂಗಾ. ಅಕ್ಕಪಕ್ಕ ನೂರು ಜನ ಇದ್ದರೂ ಏಕಾಂತ. ಹೋಟೆಲಿನವನು ಮಾರೋದು ಇದನ್ನೇ, ಬೇಲಿ ಹಾಕಿ. ಕಡಲಿನಲ್ಲೇ ಬದುಕುವವರ ಪಾಡು ಇನ್ನೊಂದು. ಕೋಸ್ಟಲ್ ರೋಡಿನ ಸೇತುವೆ ಕಂಬಗಳ ನಡುವೆ 60 ಮೀಟರ್ ಬಿಟ್ಟರೆ ದೋಣಿ ದಾಟಲ್ಲ ಅಂತ ವರ್ಲಿ ಕೋಳಿವಾಡದ ಮೀನುಗಾರರು ಹೋರಾಡಬೇಕಾಯ್ತು. ಕೊನೆಗೆ ಅದು 120 ಮೀಟರ್ ಆಯಿತು. ಕಡಲು ಬರೀ ‘ನೋಟ’ ಆದಾಗ ಅಲ್ಲಿ ದೋಣಿಯೂ ಅಡ್ಡಿ, ಬಲೆಯೂ ಅಡ್ಡಿ, ಮೀನಿನ ವಾಸನೆಯೂ ಅಡ್ಡಿ.

ಊರಿನವರೇ, ನಿಮ್ಮ ಕಡಲು ಇನ್ನೂ ನಿಮ್ಮದು. ಮಲ್ಪೆಯಲ್ಲಿ, ಮರವಂತೆಯಲ್ಲಿ ಟಿಕೆಟ್ಟಿಲ್ಲದೆ ಮರಳ ಮೇಲೆ ಕೂತುಕೊಳ್ಳಬಹುದು. ಮುಂಬೈ ನೋಡಿ ಅಲ್ಲೂ ಬೇಲಿ ಕಟ್ಟಬೇಡಿ, ಕಟ್ಟುವವರಿಗೆ ಮೌನವಾಗಿ ಜಾಗ ಬಿಡಬೇಡಿ. ಮಳೆ ಕಳೆದು ದೋಣಿಗಳು ಇಳಿದ ಮೇಲೆ ಇಬ್ಬರೂ ಸೇರಿ ಬಂದರಿಗೆ ಹೋಗಿ ಬಂಗುಡೆ ತನ್ನಿ. ಒಬ್ಬರು ಮೀನು ಸವರಿ, ಒಬ್ಬರು ಮಸಾಲೆ ಅರೆಯಿರಿ. ದೀಪ ಹಾಕಿ ಕೈಯಲ್ಲಿ ಉಣ್ಣಿ. ಕಡಲು ನೋಡೋದಕ್ಕೆ ಆಮೇಲೆ ಹೋಗಿ. ಅದಕ್ಕೆ ಬಿಲ್ಲು ಕೊಡುವವರು ಯಾರೂ ಇಲ್ಲ.