ಸಮವಸ್ತ್ರ ಕಂಡರೆ ಹಿಂಜರಿಕೆ ಏಕೆ?

ಗಲ್ಫ್‌ನಲ್ಲಿ ದುಡಿಯುವ ನಾವು ಪೊಲೀಸರನ್ನು ಕಂಡ ಕೂಡಲೇ ಜೇಬಿನ ಐಡಿ ಕಾರ್ಡ್ ಮುಟ್ಟಿ ನೋಡಿಕೊಳ್ಳುತ್ತೇವೆ. ತಪ್ಪೇನೂ ಮಾಡಿರುವುದಿಲ್ಲ, ಆದರೂ ಅಭ್ಯಾಸ. ಈ ಸಲದ ರಜೆಯಲ್ಲಿ ಟೊರಾಂಟೊ ಪಕ್ಕದ ಬ್ರಾಂಪ್ಟನ್‌ನಲ್ಲಿರುವ ತಂಗಿಯ ಮನೆಗೆ ಹೋದಾಗಲೂ ಅದು ಬಿಡಲಿಲ್ಲ.

ಯೂನಿಯನ್ ಸಬ್‌ವೇ ನಿಲ್ದಾಣದ ಜನಜಂಗುಳಿಯಲ್ಲಿ ಅಮ್ಮ ನಮ್ಮಿಂದ ತಪ್ಪಿಹೋದರು. ಕೈಯಲ್ಲಿ ಫೋನಿಲ್ಲ, ಬರುವುದು ಕನ್ನಡ ಒಂದೇ. ಎದುರಿಗೇ ಸಮವಸ್ತ್ರದವರಿದ್ದರೂ ಕೇಳಲು ಹಿಂಜರಿದು ಹತ್ತು ನಿಮಿಷ ನಾವೇ ಹುಡುಕಿದೆವು. ಕೊನೆಗೆ ಹೇಳಿದಾಗ ಅವರು ಕೇಳಿದ್ದು ಪಾಸ್‌ಪೋರ್ಟನ್ನಲ್ಲ, ಸೀರೆಯ ಬಣ್ಣವನ್ನು. ರೇಡಿಯೋದಲ್ಲಿ ಸುದ್ದಿ ಹೋಯಿತು. ಅಮ್ಮ ಪ್ಲಾಟ್‌ಫಾರ್ಮಿನ ಕೊನೆಯ ಬೆಂಚಿನಲ್ಲಿ ಕೂತಿದ್ದರು.

ಇವರನ್ನು ಅಲ್ಲಿ ಸ್ಪೆಷಲ್ ಕಾನ್‌ಸ್ಟೇಬಲ್ ಎನ್ನುತ್ತಾರೆ. ಸಬ್‌ವೇ, ಬಸ್ಸು, ಸ್ಟ್ರೀಟ್‌ಕಾರ್ ನಡೆಸುವ ಟಿಟಿಸಿಯ ಸಿಬ್ಬಂದಿ. ಬಂದೂಕು ಇರುವುದಿಲ್ಲ, ಪೊಲೀಸ್ ಅಧಿಕಾರವೂ ಆ ಕೆಲಸಕ್ಕೆ ಬೇಕಾದಷ್ಟೇ. ದುಬೈಯಲ್ಲಿ ಪ್ರವಾಸಿ ಪೊಲೀಸರಿದ್ದಾರೆ, ನಮ್ಮ ಕರ್ನಾಟಕದಲ್ಲಿ ಗೃಹರಕ್ಷಕರಿಗೆ ತರಬೇತಿ ಕೊಟ್ಟು ನೇಮಿಸಿದ 'ಪ್ರವಾಸಿ ಮಿತ್ರ'ರಿದ್ದಾರೆ. ಟೊರಾಂಟೊದಲ್ಲಿ ದಾರಿ ತಪ್ಪಿದವರಿಗೆ ಮೊದಲು ಸಿಗುವವರು ಹೆಚ್ಚಾಗಿ ಇಂಥವರೇ.

ಊರಿನಿಂದ ಅಪ್ಪ-ಅಮ್ಮನನ್ನು ಕರೆಸಿಕೊಳ್ಳುವವರು ಮನೆ ವಿಳಾಸ, ಫೋನ್ ನಂಬರು ಬರೆದ ಚೀಟಿಯನ್ನು ಅವರ ಪರ್ಸಿನಲ್ಲಿಡಿ. ತುರ್ತು ಸಂಖ್ಯೆ ಕಲಿಸಿಕೊಡಿ: ಯುಎಇ, ಕತಾರಿನಲ್ಲಿ 999, ಒಮಾನಿನಲ್ಲಿ 9999, ಕೆನಡಾದಲ್ಲಿ 911. ದಾರಿ ತಪ್ಪಿದರೆ ಸಮವಸ್ತ್ರದವರ ಬಳಿಗೇ ಹೋಗಿ ಚೀಟಿ ತೋರಿಸಿ ಎಂದೂ ಹೇಳಿಡಿ. ನಾವು ಅದನ್ನು ಹೇಳಿರಲಿಲ್ಲ.