ವಾಸನೆಯಿಲ್ಲದ ಹೊಗೆ

ಕಂಬಂ ಕಣಿವೆಯ ನಮ್ಮ ಶಾಲೆ ಹೆದ್ದಾರಿಯ ಮಗ್ಗುಲಲ್ಲೇ ಇದೆ. ಏಲಕ್ಕಿ ತೋಟದ ಆಳುಗಳನ್ನು ಹೊತ್ತ ಜೀಪುಗಳು ಬೆಳಗಿನ ಜಾವವೇ ಕಂಬಂ ಮೆಟ್ಟಿನ ಘಾಟಿ ಏರತೊಡಗುತ್ತವೆ. ಮನೆಯಲ್ಲಿ 'ಹೊಗೆ' ಎನ್ನುವ ನಮ್ಮ ಮಕ್ಕಳು ಬೀದಿಯಲ್ಲಿ 'ಪುಗೈ' ಎನ್ನುತ್ತಾರೆ. ಎರಡೂ ಕಣ್ಣಿಗೆ ಕಾಣುವುದರ ಹೆಸರು. ಜೀವಕ್ಕೆ ಎರವಾಗುವ ಇಂಗಾಲದ ಮಾನಾಕ್ಸೈಡಿಗಾದರೋ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಸ್ಥಾನವನ್ನು ಅದು ಸದ್ದಿಲ್ಲದೆ ಕಸಿಯುತ್ತದೆ.

ಈಚೆಗೆ ನಮ್ಮ ಒಂಬತ್ತನೆಯ ತರಗತಿಯ ಹುಡುಗನೊಬ್ಬನು ಈ ಅನಿಲವನ್ನು ಪತ್ತೆಹಚ್ಚುವ ಪೆಟ್ಟಿಗೆಯೊಂದನ್ನು ಮಾಡಿ ತಂದನು. ತಂದೆ ಜೀಪು ಚಾಲಕರು. ತಾಯಿ ಅದೇ ಜೀಪಿನ ಹಿಂಬದಿಯಲ್ಲಿ ಕುಳಿತು ತೋಟಕ್ಕೆ ಹೋಗಿಬಂದು, ಸಂಜೆ ತಲೆನೋವೆಂದು ಮಲಗುವರು. (ಘಾಟಿಯ ತಿರುವುಗಳಿಗೂ ತಲೆ ನೋಯದೆ ಇರದು.) ಪೆಟ್ಟಿಗೆಯನ್ನು ಜೀಪಿನೊಳಗೆ ಇಟ್ಟೊಡನೆ ಗಂಟೆ ಬಾರಿಸಿತು.

ತಂದೆ ನಮ್ಮಲ್ಲಿಗೆ ಬಂದರು. "ಸಾರ್, ಹೊಗೆ ತಪಾಸಣೆಯ ಸರ್ಟಿಫಿಕೇಟು ನನ್ನ ಹತ್ತಿರ ಇದೆ. ಅದು ಸುಳ್ಳೋ, ಇವನ ಪೆಟ್ಟಿಗೆ ಸುಳ್ಳೋ?"

ಪೆಟ್ಟಿಗೆಯೊಳಗಿನ ಸಂವೇದಕವು ತವರದ ಆಕ್ಸೈಡಿನದು. ಜಪಾನಿನ ನವೋಯೋಶಿ ತಗುಚಿಯವರು 1962ರಲ್ಲಿ ಪೇಟೆಂಟಿಗೆ ಸಲ್ಲಿಸಿದ ವಿಧಾನ. ಕಾಯಿಸಿದ ಆಕ್ಸೈಡಿನ ಮೈಗೆ ಗಾಳಿಯ ಆಮ್ಲಜನಕ ಅಂಟಿ ಎಲೆಕ್ಟ್ರಾನುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ವಿದ್ಯುತ್ತು ಸುಲಭವಾಗಿ ಹರಿಯದು. ಮಾನಾಕ್ಸೈಡು ಬಂದು ಆ ಆಮ್ಲಜನಕವನ್ನು ಕೊಂಡೊಯ್ದರೆ ರೋಧ ಇಳಿದು ಗಂಟೆ ಬಾರಿಸುತ್ತದೆ. ಆದರೆ ಈ ಸಂವೇದಕಕ್ಕೆ ಪಂಕ್ತಿಭೇದವಿಲ್ಲ. ಪ್ರಯೋಗಶಾಲೆಯ ಸ್ಪಿರಿಟ್ ಬಾಟಲಿಯ ಮುಚ್ಚಳ ತೆರೆದು ಹತ್ತಿರ ಹಿಡಿದೆವು. ಆಗಲೂ ಗಂಟೆ ಬಾರಿಸಿತು. ಹುಡುಗನ ಮುಖ ಬಾಡಿತು.

ಸರ್ಟಿಫಿಕೇಟಿನ ಕತೆ ಬೇರೆ. ತಪಾಸಣಾ ಕೇಂದ್ರಗಳು ಪೆಟ್ರೋಲ್ ವಾಹನದ ಮಾನಾಕ್ಸೈಡನ್ನು ಅವಕೆಂಪು ಕಿರಣದಿಂದ ಅಳೆಯುತ್ತವೆ, ಸುಮಾರು 4.6 ಮೈಕ್ರಾನ್ ಅಲೆಯುದ್ದದ ಕಿರಣವನ್ನು ಆ ಅನಿಲ ಹೀರಿಕೊಳ್ಳುತ್ತದೆ. ಅವರ ಜೀಪಾದರೋ ಡೀಸೆಲಿನದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಂತೆ ನಡೆಯುವ ಈ ಪರೀಕ್ಷೆಯಲ್ಲಿ ಡೀಸೆಲ್ ವಾಹನದ ಹೊಗೆ ಎಷ್ಟು ಬೆಳಕನ್ನು ತಡೆಯುತ್ತದೆಂಬುದನ್ನು ಮಾತ್ರ ನೋಡುತ್ತಾರೆ. ಡೀಸೆಲಿನಲ್ಲಿ ಮಾನಾಕ್ಸೈಡು ಕಡಿಮೆ, ನಿಜ, ಇಲ್ಲವೇ ಇಲ್ಲವೆಂದಲ್ಲ. ಅಲ್ಲದೆ ಪರೀಕ್ಷೆ ನಡೆಯುವುದು ಕೊಳವೆಯ ಬಾಯಲ್ಲಿ. ನಡುವೆ ಎಲ್ಲಿ ಸೋರಿ ಕುಳಿತವರ ಉಸಿರಿಗೆ ಸೇರುತ್ತದೆಂಬುದನ್ನು ಆ ಕಾಗದ ಹೇಳುವುದಿಲ್ಲ.

"ಎರಡೂ ಸುಳ್ಳಲ್ಲ; ಗಾಡಿಯ ಅಡಿ ನೋಡಿಸಿ" ಎಂದೆವು. ಮರುದಿನ ಮೆಕ್ಯಾನಿಕ್ ನೋಡಿದಾಗ, ಸೈಲೆನ್ಸರಿನ ಜೋಡಣೆ ಬಿರಿದು ಸುತ್ತಲೂ ಮಸಿ ಹಿಡಿದಿತ್ತಂತೆ. ಬೆಸುಗೆಯಾಯಿತು.

ಹುಡುಗನು ಪೆಟ್ಟಿಗೆಯ ಮೇಲಿದ್ದ 'ಇಂಗಾಲದ ಮಾನಾಕ್ಸೈಡ್ ಶೋಧಕ' ಎಂಬ ಚೀಟಿಯನ್ನು ಕಿತ್ತು, 'ಏನೋ ಇದೆ, ನೋಡಿ' ಎಂದು ಬರೆದು ಅಂಟಿಸಿದ್ದಾನೆ.