ಟಿಕ್ ಬಿದ್ರೆ ಸಮನ್ಸ್ ಮುಟ್ಟಿದಂಗಾ?

ಚೆಕ್ ಬೌನ್ಸ್ ಕೇಸಿನ ಸಮನ್ಸ್ ಈಗ ವಾಟ್ಸಾಪಿಗೂ ಬರಬಹುದು. 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ: ಮಾಮೂಲಿ ದಾರಿ ಜೊತೆಗೆ ಕೇಸ್ ಹಾಕಿದವನೇ ಕೈಗೆ ತಂದು ಕೊಡಬೇಕು, ಮೊಬೈಲಿಗೂ ಕಳಿಸಬಹುದು. ನಂಬರ್ ನಮ್ಮದೇ ಅಂತ ಅವನು ಅಫಿಡವಿಟ್ ಹಾಕಬೇಕು. ಖರ್ಚು ಕಮ್ಮಿ, ಕೇಸು ಬೇಗ ಮುಗಿಯುತ್ತೆ ಅಂತಾರೆ. ಯಾರ ಖರ್ಚು ಸ್ವಾಮಿ ಕಮ್ಮಿ ಆಗಿದ್ದು?

ಗೊಬ್ಬರದ ಬಾಕಿಗೋ ಟ್ರ್ಯಾಕ್ಟರ್ ಸಾಲಕ್ಕೋ ಖಾಲಿ ಚೆಕ್ ಕೊಟ್ಟಾಗ ಬರೆಸಿದ ನಂಬರ್ ಯಾವುದು, ನೆನಪೈತಾ? ಎಷ್ಟೋ ಮನೇಲಿ ಮಗನದು. ಅವನು ಕೋರಮಂಡಲ್‌ನಲ್ಲಿ ಬೆಳಗಿನ ರೈಲು ಹತ್ತಿದ್ರೆ ಬೆಂಗಳೂರಿಂದ ರಾತ್ರಿಗೇ ವಾಪಸ್. ನೂರು ಗುಡ್ ಮಾರ್ನಿಂಗ್ ಮಧ್ಯೆ ಒಂದು ಪಿಡಿಎಫ್. ಗೊತ್ತಿಲ್ಲದ ನಂಬರಿಂದ ಬಂದ ಫೈಲ್ ಮುಟ್ಟಬೇಡಿ ಅಂತ ಪೊಲೀಸರೇ ಹೇಳ್ತಾವ್ರೆ!

ಹಾಜರಾಗದಿದ್ರೆ ವಾರಂಟ್. ಅದನ್ನ ತೆಗೆಸೋಕೆ ವಕೀಲರ ಫೀಸು, ಜಾಮೀನುದಾರ, ಕೋರ್ಟಿಗೆ ಓಡಾಟ, ಹಾಲು ಕರೆಯೋಕೆ ಪಕ್ಕದ ಮನೆಯವರ ಕೈಕಾಲು ಹಿಡಿಯೋದು. ಪೇದೆ ಬಂದು ಹೋಗೋ ಖರ್ಚು ಉಳಿಸೋಕೆ ಇಷ್ಟನ್ನೂ ನಮ್ಮ ತಲೆಗೆ ಕಟ್ಟೋದಾ?

ಸಮನ್ಸ್ ತಪ್ಪಿಸ್ಕೊಂಡು ತಿರುಗೋರು ನಮ್ಮಲ್ಲೂ ಅವ್ರೆ, ಒಪ್ಪಿದೆ. ಆದ್ರೆ ಅದೇ ವರ್ಷ ಜನವರಿಯಲ್ಲಿ ಅದೇ ಕೋರ್ಟು, ಪೊಲೀಸರ ಹಾಜರಾತಿ ನೋಟಿಸ್ ವಾಟ್ಸಾಪಲ್ಲಿ ಕೊಡಂಗಿಲ್ಲ ಅಂದಿತ್ತು. ಆ ನೋಟಿಸ್ ತಪ್ಪಿದ್ರೂ ಬಂಧನದ ಭಯ, ಈ ಸಮನ್ಸ್ ತಪ್ಪಿದ್ರೂ ಅದೇ ಭಯ.

ಮೊಬೈಲಿಗೆ ಕಳಿಸಲಿ, ಬೇಡ ಅನ್ನಲ್ಲ. ಒಂದ್ಸಲನಾದ್ರೂ ಮನೆ ಬಾಗಿಲಿಗೆ ಬರದೆ ವಾರಂಟ್ ಬೇಡ. ಬಂಗಾರಪೇಟೆ, ಕೆಜಿಎಫ್ ವಕೀಲರು ಇದನ್ನ ಕೋರ್ಟಲ್ಲಿ ಕೇಳಬೇಕು. ಅಲ್ಲಿವರೆಗೂ ಇ-ಕೋರ್ಟ್ಸ್ ಆಪಲ್ಲಿ ನಿಮ್ಮ ಹೆಸರು ಹಾಕಿ ಆಗಾಗ ನೋಡ್ಕಳಿ. ಸಾಲದ ಕಾಗದದಲ್ಲಿ ಹಳೇ ನಂಬರ್ ಇದ್ರೆ ಬರೆದು ಕೊಟ್ಟು ಬದಲಾಯಿಸಿ, ಕೊಟ್ಟಿದ್ದಕ್ಕೆ ಸೀಲ್ ಹಾಕಿಸ್ಕಳಿ.